ಮಲೇರಿಯಾ ಅಲ್ಲ ಅಂದಮೇಲೆ

ತಮ್ಮಾ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟಿದ್ದೀಯ. ಅಲ್ಲಿ ಜ್ವರಕ್ಕೆ ಬರವಿಲ್ಲ. ಮಲೇರಿಯಾ ಪರೀಕ್ಷೆ ನೆಗೆಟಿವ್ ಬಂದ ಕೂಡಲೇ ಚೀಟಿಯಲ್ಲಿ 'ವೈರಲ್ ಫೀವರ್' ಎಂದು ಗೀಚಿ ಕೈತೊಳೆದುಕೊಳ್ಳಬೇಡ. ಅನುಮಾನ ಉಳಿದರೆ ಮಾರನೆಯ ದಿನ ರಕ್ತಲೇಪನ ಇನ್ನೊಮ್ಮೆ ನೋಡು. ಜೊತೆಗೆ ಎರಡು ಮಾತು ಕೇಳು: ಜ್ವರ ಬಂದು ಎಷ್ಟು ದಿನವಾಯಿತು? ಅದಕ್ಕೆ ಮುಂಚೆ ಎರಡು ಮೂರು ವಾರ ಎಲ್ಲಿ, ಏನು ಕೆಲಸ ಮಾಡುತ್ತಿದ್ದಿರಿ?

ಬರಿಗಾಲಲ್ಲಿ ಗದ್ದೆಗಿಳಿದು ನಾಟಿ ಮಾಡಿದವರ ಮೀನಖಂಡ ಒತ್ತಿ ನೋಡು. ನೋವಿಗೆ ಕಾಲು ಹಿಂದೆಳೆದುಕೊಂಡರೆ, ಕಣ್ಣು ಕೆಂಪಾಗಿದ್ದರೆ ಇಲಿಜ್ವರ ನೆನಪಾಗಲಿ. ಕಾಮಾಲೆ ಕಂಡರೆ, ಮೂತ್ರ ಕಡಿಮೆಯಾಗಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸು.

ಪೊದೆ ಸವರಿದವರು, ಹುಲ್ಲು ಕೊಯ್ದವರು ಬಂದರೆ ಬಟ್ಟೆ ಸರಿಸಿ ನೋಡಲು ಸಂಕೋಚಪಡಬೇಡ. ಕಂಕುಳು, ತೊಡೆಸಂದು, ಸೊಂಟದ ಸುತ್ತ. ಹೆಂಗಸರಾದರೆ ಸಿಸ್ಟರನ್ನು ಕರೆದು ಸ್ತನದ ಅಡಿ. ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್, ಸಣ್ಣ ನುಸಿಮರಿ ಕಚ್ಚಿದ ಗುರುತು. ಅದು ನೋಯುವುದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದೂ ಇಲ್ಲ. ಡಾಕ್ಸಿಸೈಕ್ಲಿನ್‌ಗೆ ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುವ ಈ ಜ್ವರ ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗುವುದಿಲ್ಲ. ಹಕ್ಕಳೆ ಎಲ್ಲರಲ್ಲೂ ಸಿಗುವುದಿಲ್ಲ. ಸಿಗಲಿಲ್ಲವೆಂದು ಕಾಯಿಲೆಯನ್ನೇ ತಳ್ಳಿಹಾಕಬೇಡ.

ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೋ: ಊರ ಹತ್ತಿರ ಮಂಗ ಸತ್ತಿದೆಯೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಸೊಪ್ಪು, ಸೌದೆಗೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ಇದಕ್ಕೆಂದೇ ಔಷಧಿಯಿಲ್ಲ, ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆಗೆ ಕಳಿಸಿ, ರಕ್ತಸ್ರಾವದ ಮೇಲೆ ಕಣ್ಣಿಡು. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ತಲೆನೋವಿನೊಂದಿಗೆ ಮರಳುತ್ತದೆ. ಅದನ್ನು ಮನೆಯವರಿಗೆ ಮೊದಲೇ ಹೇಳಿಡು.

ಮೈಕೈ ನೋವೆಂದು ಬಂದವರು "ಒಂದು ಸೂಜಿ ಹಾಕಿ ಡಾಕ್ಟ್ರೇ" ಎಂದು ಪಟ್ಟು ಹಿಡಿಯುತ್ತಾರೆ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಡೈಕ್ಲೋಫೆನಾಕ್ ಮುಟ್ಟಬೇಡ, ಪ್ಯಾರಾಸಿಟಮಾಲ್ ಸಾಕು. ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ ಮಾಡಿಸು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಹೊಟ್ಟೆನೋವು, ಬಿಡದ ವಾಂತಿ ಶುರುವಾದರೆ ಮನೆಗೆ ಬಿಡಬೇಡ.

ಟೈಫಾಯ್ಡ್ ಅನುಮಾನಕ್ಕೆ ಬರೀ ವಿಡಾಲ್ ನಂಬಬೇಡ. ಅನುಕೂಲವಿದ್ದರೆ ಆ್ಯಂಟಿಬಯಾಟಿಕ್‌ಗೆ ಮುಂಚೆಯೇ ಬ್ಲಡ್ ಕಲ್ಚರ್ ತೆಗೆಸು.

ಒಂದೇ ಭೇಟಿಯಲ್ಲಿ ಎಲ್ಲವೂ ಗೊತ್ತಾಗುವುದಿಲ್ಲ ಕಣಪ್ಪಾ. ಜ್ವರದ ಎಷ್ಟನೇ ದಿನ, ಏನು ಕೆಲಸ ಎಂಬುದನ್ನು ಚೀಟಿಯಲ್ಲಿ ಬರೆದು, ಮತ್ತೆ ಯಾವತ್ತು ಬರಬೇಕೆಂದು ತಿಳಿಸಿ ಕಳಿಸು. ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಿ ವಿಚಾರಿಸು.