ಎಲುಬಿನ ಖಾಲಿ ಜಾಗಕ್ಕೆ ತುಂಬುವುದು ಯಾವುದರದು?

ಇಬ್ರಾಹಿಂಪುರದ ಓಣಿಗಳಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರಿಲ್ಲದ ಮನೆ ಕಡಿಮೆ. ಎಲುಬು ಬರೀ ಮುರಿದಿದ್ದರೆ ವೈದ್ಯರು ಪ್ಲೇಟ್ ಅಥವಾ ರಾಡ್ ಹಾಕಿ ಕೂಡಿಸುತ್ತಾರೆ. ಚೂರುಚೂರಾಗಿ ನಡುವೆ ಖಾಲಿ ಬಿದ್ದಿದ್ದರೆ ಆ ಜಾಗಕ್ಕೆ ಏನಾದರೂ ತುಂಬಲೇಬೇಕು. ‘ಬೋನ್ ಗ್ರಾಫ್ಟ್ ಹಾಕಬೇಕು’ ಎಂದು ಹೇಳಿ ಸಹಿಗೆ ಕಾಗದ ಕೊಡುತ್ತಾರೆ. ಆಪರೇಷನ್ ಕೋಣೆಯ ಹೊರಗೆ ಕುಳಿತ ಮನೆಯವರು ಆಗ ಮೆಲ್ಲಗೆ ಒಬ್ಬರನ್ನೊಬ್ಬರು ಕೇಳುತ್ತಾರೆ: ಅದು ಯಾವುದರ ಎಲುಬು? ಹಲಾಲೋ, ಹರಾಮೋ? ವೈದ್ಯರನ್ನು ಕೇಳಲು ಮಾತ್ರ ಸಂಕೋಚ. ಸಂಕೋಚ ಬೇಡ, ಕೇಳಬೇಕಾದ ಪ್ರಶ್ನೆಯೇ ಅದು.

ಮೊದಲು ಎಲುಬು ಎಂದರೇನು ಎಂದು ತಿಳಿಯೋಣ. ಒಂದು ಕೋಳಿಯ ಕಾಲೆಲುಬನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ, ರಬ್ಬರಿನಂತೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಸುಟ್ಟರೆ ಬೆಳ್ಳಗಾಗಿ, ಒತ್ತಿದರೆ ಪುಡಿಯಾಗುತ್ತದೆ. ವಿನೆಗರ್ ಕರಗಿಸಿದ್ದು ಸುಣ್ಣದಂಶದ ಖನಿಜವನ್ನು, ಬೆಂಕಿ ಸುಟ್ಟಿದ್ದು ಕೊಲಾಜನ್ ಎಂಬ ನಾರನ್ನು. ಗಟ್ಟಿತನ ಖನಿಜದಿಂದ, ಬಾಗುವ ಗುಣ ನಾರಿನಿಂದ. ವೈದ್ಯರು ತುಂಬುವ ವಸ್ತು ಗೌಂಡಿಗಳು ಕಟ್ಟುವ ಸಾರುವೆಯಂತೆ. ಅದರ ಸಣ್ಣ ಸಣ್ಣ ರಂಧ್ರಗಳೊಳಗೆ ರಕ್ತನಾಳಗಳೂ ಜೀವಕೋಶಗಳೂ ಹೊಕ್ಕು ಹೊಸ ಎಲುಬನ್ನು ಕಟ್ಟುತ್ತವೆ.

ಎಲ್ಲಕ್ಕಿಂತ ಉತ್ತಮವಾದದ್ದು ರೋಗಿಯದೇ ಎಲುಬು. ಸಾಮಾನ್ಯವಾಗಿ ಸೊಂಟದ ಅಂಚಿನಿಂದ ಸ್ವಲ್ಪ ಕೆತ್ತಿ ತೆಗೆಯುತ್ತಾರೆ. ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ. ಆದರೆ ಸಿಗುವುದು ಕಡಿಮೆ, ತೆಗೆದ ಜಾಗದಲ್ಲಿ ನೋವೂ ಇರುತ್ತದೆ. ಎರಡನೆಯದು ದಾನಿಗಳ ಎಲುಬು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ಇಂಥ ಎಲುಬನ್ನು ಗಾಮಾ ಕಿರಣಗಳಿಂದ ಶುದ್ಧೀಕರಿಸಿ ಒದಗಿಸುತ್ತಿದೆ. ಮೂರನೆಯದು ದನದ ಎಲುಬು. ಅದನ್ನು ಹೆಚ್ಚು ಶಾಖದಲ್ಲಿ ಕಾಯಿಸಿ, ಮಾಂಸದಂಶವನ್ನೆಲ್ಲ ತೆಗೆದು, ಖನಿಜದ ಹರಳುಗಳನ್ನಷ್ಟೇ ಉಳಿಸುತ್ತಾರೆ. ಪ್ರಯೋಗಾಲಯದಲ್ಲಿ ತಯಾರಾದ ಸೆರಾಮಿಕ್ ಹರಳುಗಳೂ ಇವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ನಮ್ಮ ದೇಶದಲ್ಲೇ ಅಂಥದ್ದನ್ನು ರೂಪಿಸಿದೆ. ಹಂದಿಯ ಪ್ರಶ್ನೆ ಬರುವುದು ಹೆಚ್ಚಾಗಿ ಕೊಲಾಜನ್ ಮತ್ತು ಜೆಲಟಿನ್‌ನಲ್ಲಿ. ರಕ್ತ ನಿಲ್ಲಿಸುವ ಕೆಲವು ಸ್ಪಂಜುಗಳು, ದಂತವೈದ್ಯರು ಒಸಡಿನ ಕೆಳಗೆ ಇಡುವ ಕೆಲವು ಪೊರೆಗಳು ಹಂದಿಯಿಂದ ಬಂದವು. ದನ ಅಥವಾ ಮೀನಿನ ಮೂಲದವೂ ಇವೆ. ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಮೂಲ ಬರೆದಿರುತ್ತದೆ. ಆಪರೇಷನ್ನಿಗೆ ಒಂದೆರಡು ದಿನ ಮೊದಲೇ ಕೇಳಿದರೆ ಬೇರೆಯದನ್ನು ತರಿಸಲು ಸಮಯವಿರುತ್ತದೆ. ಟೇಬಲ್ ಮೇಲೆ ಮಲಗಿಸಿದ ಮೇಲೆ ಕೇಳಿದರೆ ಎಲ್ಲರಿಗೂ ತೊಂದರೆ.

ಈ ಪ್ರಶ್ನೆ ಹೊಸದೇನಲ್ಲ. ಹದಿಮೂರನೆಯ ಶತಮಾನದ ಇಮಾಮ್ ನವವಿಯವರೇ ಇದನ್ನು ಚರ್ಚಿಸಿದ್ದಾರೆ. ಶುದ್ಧವಾದದ್ದು ಸಿಗದೆ ಅಶುದ್ಧ ವಸ್ತುವಿನಿಂದ ಎಲುಬು ಕೂಡಿಸಿಕೊಂಡವನಿಗೆ ವಿನಾಯಿತಿ ಇದೆ ಎಂಬುದು ಅವರ ಅಭಿಪ್ರಾಯ. ಔರಂಗಜೇಬನ ಕಾಲದಲ್ಲಿ ಸಂಗ್ರಹವಾದ ಫತಾವಾ ಆಲಂಗೀರಿ ಕುರಿ, ದನ, ಒಂಟೆಗಳ ಎಲುಬಿನಿಂದ ಚಿಕಿತ್ಸೆ ಪಡೆಯಲು ಅಡ್ಡಿಯಿಲ್ಲ ಎನ್ನುತ್ತದೆ, ಹಂದಿಯ ಮತ್ತು ಮನುಷ್ಯನ ಎಲುಬನ್ನು ಬೇರೆಯಾಗಿಡುತ್ತದೆ. ಸ್ವಂತ ದೇಹದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಾಕುವುದನ್ನು, ಹಾನಿಗಿಂತ ಲಾಭ ಹೆಚ್ಚಿದ್ದರೆ, ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಅನುಮತಿಸಿತು. ದಾನಿಯ ಎಲುಬಿನ ವಿಷಯದಲ್ಲಿ ನಿಮ್ಮ ಆಲಿಮರನ್ನು ಕೇಳಿ. ಕೇಳುವಾಗ ‘ಬೇರೆ ದಾರಿ ಇದೆಯೇ’ ಎಂಬುದಕ್ಕೆ ವೈದ್ಯರ ಉತ್ತರವನ್ನೂ ಜೊತೆಗೆ ಒಯ್ಯಿರಿ. ಅದಿಲ್ಲದೆ ಅವರಾದರೂ ಏನು ಹೇಳಿಯಾರು?

ತತ್ತಿಯ ಸಿಪ್ಪೆ, ಸೀಗಡಿಯ ಚಿಪ್ಪು, ಹವಳ, ನಮ್ಮ ರಾಜ್ಯದ ಹೆಮ್ಮೆಯಾದ ರೇಷ್ಮೆ, ಇವುಗಳಿಂದಲೂ ಎಲುಬಿನ ಸಾರುವೆ ಕಟ್ಟುವ ಸಂಶೋಧನೆ ನಡೆದಿದೆ. ಇದನ್ನು ಓದಿ ಯಾರೂ ಮುರಿದ ಕೈಗೆ ತತ್ತಿಯ ಲೋಳೆ ಬಳಿದು ಬಿದಿರಿನ ದಬ್ಬೆ ಕಟ್ಟಿಸಬೇಡಿ. ಚರ್ಮದ ಮೇಲೆ ಬಳಿದದ್ದು ಎಲುಬಿಗೆ ಇಳಿಯುವುದಿಲ್ಲ. ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ರಕ್ತ ನಿಂತು ಬೆರಳು ಕಪ್ಪಾಗಿ, ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಪಾಯಾ ಸೂಪ್ ಕುಡಿಯಿರಿ, ಒಳ್ಳೆಯ ಆಹಾರ. ಆದರೆ ಅದರ ಕೊಲಾಜನ್ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ನೇರವಾಗಿ ಮುರಿದ ಜಾಗಕ್ಕೆ ಹೋಗಿ ಕೂರುವುದಿಲ್ಲ.

ಇನ್ನು ಎಲುಬಿನ ಕ್ಯಾನ್ಸರ್. ಇದರ ಮುಖ್ಯ ವಿಧವಾದ ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಬರುವುದು ಹತ್ತರಿಂದ ಇಪ್ಪತ್ತು ವರ್ಷದೊಳಗಿನವರಿಗೆ, ಅದೂ ಮೊಣಕಾಲಿನ ಆಸುಪಾಸಿನಲ್ಲಿ. ಹುಡುಗ ಆಟದಲ್ಲಿ ಬಿದ್ದಿದ್ದಾನೆ ಎಂದುಕೊಂಡು ವಾರಗಟ್ಟಲೆ ಎಣ್ಣೆ ತಿಕ್ಕಿಸುತ್ತಾರೆ. ರಾತ್ರಿ ನಿದ್ದೆ ಕೆಡಿಸುವ, ವಿಶ್ರಾಂತಿಯಲ್ಲೂ ಬಿಡದ ನೋವು, ದಿನೇದಿನೇ ಬೆಳೆಯುವ ಬಾವು ಕಂಡರೆ ತಿಕ್ಕುವುದನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಿ.

ಮೊದಲೆಲ್ಲ ಈ ರೋಗಕ್ಕೆ ಕಾಲು ಕತ್ತರಿಸುವುದೇ ದಾರಿಯಾಗಿತ್ತು. ಈಗ ಕಿಮೊಥೆರಪಿ ಕೊಟ್ಟು, ಗಡ್ಡೆಯಿರುವ ಭಾಗವನ್ನಷ್ಟೇ ತೆಗೆದು, ಬಹಳಷ್ಟು ಮಕ್ಕಳ ಕಾಲನ್ನು ಉಳಿಸುತ್ತಾರೆ. ತೆಗೆದ ಜಾಗಕ್ಕೆ ಲೋಹದ ಕೀಲು ಹಾಕಬಹುದು. ಇನ್ನೊಂದು ವಿಧಾನ ನನಗೆ ಇಂದಿಗೂ ಬೆರಗಿನದು, ಟಾಟಾ ಆಸ್ಪತ್ರೆಯಲ್ಲಿ ಅದನ್ನು ಮಾಡುತ್ತಾರೆ. ರೋಗಿ ಟೇಬಲ್ ಮೇಲಿರುವಾಗಲೇ ಗಡ್ಡೆಯಿದ್ದ ಎಲುಬನ್ನು ಹೊರತೆಗೆದು ಶುಚಿಗೊಳಿಸುತ್ತಾರೆ. ಅದಕ್ಕೆ 50 ಗ್ರೇಯಷ್ಟು ವಿಕಿರಣ ಕೊಟ್ಟು ಕ್ಯಾನ್ಸರ್ ಕೋಶಗಳನ್ನು ಕೊಂದು, ಅದೇ ಎಲುಬನ್ನು ಮತ್ತೆ ಅದೇ ಜಾಗದಲ್ಲಿ ಕೂಡಿಸುತ್ತಾರೆ. ಸತ್ತ ಆ ಎಲುಬೇ ಸಾರುವೆಯಾಗುತ್ತದೆ. ಅಳತೆ ತಪ್ಪುವ ಮಾತಿಲ್ಲ, ಯಾವ ಪ್ರಾಣಿಯದೆಂಬ ಪ್ರಶ್ನೆಯೂ ಇಲ್ಲ. ಎಲ್ಲರಿಗೂ ಇದು ಹೊಂದುವುದಿಲ್ಲ: ಗಡ್ಡೆ ಎಲುಬನ್ನು ತೀರ ತಿಂದುಹಾಕಿದ್ದರೆ ಮರುಜೋಡಣೆಗೆ ಉಳಿಯುವುದೇನು? ತಡಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸುಸ್ಮಿತಾ ಬೋಸ್ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಅನ್ನು ಇಂಥ ಸಾರುವೆಗೆ ಸೇರಿಸಿ, ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ತಡೆಯಲು ಸಂಶೋಧನೆ ನಡೆಸಿದೆ. ಅದು ಪ್ರಯೋಗಾಲಯದ ಮಾತು. ಅರಿಶಿನ ಹಾಲು ಕುಡಿಸುತ್ತಾ ಕಿಮೊಥೆರಪಿ ಬಿಡಿಸಿದರೆ ಮಗುವಿನ ಜೀವಕ್ಕೇ ಅಪಾಯ. ಎಕ್ಸ್‌ರೇಯಲ್ಲಿ ಸಂಶಯ ಬಂದರೆ ಬಯಾಪ್ಸಿಯನ್ನು ಎಲ್ಲೆಂದರಲ್ಲಿ ಮಾಡಿಸಬೇಡಿ. ತಪ್ಪು ಜಾಗದಲ್ಲಿ ಹಾಕಿದ ಸೂಜಿ, ಉಳಿಸಬಹುದಾದ ಕಾಲನ್ನೂ ಕಳೆಯಬಹುದು. ಮುಂದೆ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ಮಾಡುವುದು ಲೇಸು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಲಬುರಗಿಯಲ್ಲೂ ಕೇಂದ್ರವಿದೆ. ಹೊರಡುವಾಗ ಎಕ್ಸ್‌ರೇ ಫಿಲ್ಮು, ರೇಷನ್ ಕಾರ್ಡು, ಆಧಾರ್ ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.