ಟ್ಯಾಗ್ ಮಾಡಿದರೆ ಕೆಲಸ ಆಗಬೇಕು: ಗೂಗಲ್ ಡಾಕ್ಸ್ ಬಳಸುವ ಸಮಿತಿಗಳಿಗೆ ಏಳು ಸೂತ್ರಗಳು

ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಎಷ್ಟೋ ಕನ್ನಡ ಸಂಘಗಳು ಈಗ ಲೇಖನ, ಜಾಹೀರಾತು, ಕರಡು ತಿದ್ದುವಿಕೆ ಎಲ್ಲವನ್ನೂ ಗೂಗಲ್ ಡಾಕ್ಸ್‌ನಲ್ಲೇ ನಡೆಸುತ್ತವೆ. ಆದರೂ ಕೊನೇ ವಾರ ‘ಅದನ್ನ ನನಗೆ ಯಾರು ಹೇಳಿದ್ರು?’ ಎಂಬ ಜಗಳ ತಪ್ಪುವುದಿಲ್ಲ. ಹೆಸರು ಸರಿಯಾಗಿ ಟ್ಯಾಗ್ ಮಾಡಿದರೆ ಈ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

1. ಹೆಸರನ್ನು ಎಲ್ಲಿ ಹಾಕುತ್ತೀರಿ ಎಂಬುದೇ ಮುಖ್ಯ. ಪುಟದೊಳಗೆ @ ಒತ್ತಿ ಹೆಸರು ಆರಿಸಿದರೆ ಅದು ಚಿಪ್ ಆಗಿ ಕೂರುತ್ತದೆ. 2021ರಿಂದ ಇರುವ ಸೌಲಭ್ಯ ಇದು. ಅದರ ಮೇಲೆ ಮೌಸ್ ಇಟ್ಟರೆ ಆ ವ್ಯಕ್ತಿಯ ಈಮೇಲ್ ವಿಳಾಸ ಕಾಣುತ್ತದೆ, ಅಲ್ಲಿಂದಲೇ ಪತ್ರ ಬರೆಯಬಹುದು. ಆದರೆ ಚಿಪ್ ಹಾಕಿದ ಮಾತ್ರಕ್ಕೆ ಅವರಿಗೆ ಸುದ್ದಿ ಮುಟ್ಟಿತು ಎಂದುಕೊಳ್ಳಬೇಡಿ. ಸುದ್ದಿ ಮುಟ್ಟಿಸಬೇಕಾದರೆ ಕಮೆಂಟಿನಲ್ಲಿ @ ಹಾಕಿ. ಆಗ ಈಮೇಲ್ ಹೋಗುತ್ತದೆ. ಯಾವ ಲೇಖನ ಯಾರ ಹೊಣೆ ಎಂದು ತೋರಿಸಲು ಚಿಪ್, ‘ಇದನ್ನು ಮಾಡಿಕೊಡಿ’ ಎನ್ನಲು ಕಮೆಂಟ್.

2. ಒಂದು ಕೆಲಸಕ್ಕೆ ಒಬ್ಬರೇ. ನಾಲ್ವರನ್ನು ಟ್ಯಾಗ್ ಮಾಡಿದರೆ ಇನ್ನೊಬ್ಬರು ಮಾಡುತ್ತಾರೆಂದು ನಾಲ್ವರೂ ಕೂರುತ್ತಾರೆ. ಕಮೆಂಟಿನಲ್ಲಿ ಹೆಸರು ಬಂದ ಕೂಡಲೇ ‘ಅಸೈನ್’ ಎಂಬ ಚೌಕ ಕಾಣಿಸುತ್ತದೆ, ಅದನ್ನು ಟಿಕ್ ಮಾಡಿ. ಆಗ ಕೆಲಸ ಅವರ ಪಾಲಿಗೆ ಬರುತ್ತದೆ, ಮುಗಿಸಿದವರೇ ಮುಗಿಯಿತೆಂದು ಗುರುತು ಹಾಕಬಹುದು.

3. ‘ದಯವಿಟ್ಟು ನೋಡಿ’ ಎಂದು ಬರೆಯಲೇಬೇಡಿ. ಏನು ನೋಡಬೇಕು? ತಪ್ಪಿರುವ ನಾಲ್ಕು ಪದಗಳನ್ನಷ್ಟೇ ಸೆಲೆಕ್ಟ್ ಮಾಡಿ, ಅದಕ್ಕೇ ಕಮೆಂಟ್ ಸೇರಿಸಿ: ‘ಮಂಜುನಾಥ್ ಅವರೇ, ಅಧ್ಯಕ್ಷರ ನುಡಿಯ ಕೆಳಗೆ ಹೋದ ವರ್ಷದ ಪದಾಧಿಕಾರಿಗಳ ಹೆಸರೇ ಉಳಿದಿದೆ. ಹೊಸ ಪಟ್ಟಿ ನೋಡಿ ಗುರುವಾರ ಸಂಜೆಯೊಳಗೆ ಬದಲಾಯಿಸಿಕೊಡಿ.’ ಯಾರು, ಏನು, ಯಾವಾಗ ಮೂರೂ ಬಂತು. ಇಷ್ಟು ಬರೆಯಲು ಅರ್ಧ ನಿಮಿಷ ಸಾಕು, ಆಮೇಲೆ ಉಳಿಯುವ ಫೋನ್ ಕರೆಗಳಿಗೆ ಲೆಕ್ಕವಿಲ್ಲ.

4. ಯಾವ ಮಂಜುನಾಥ್? ನಮ್ಮ ಕಾಂಟ್ಯಾಕ್ಟ್ಸ್‌ನಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇದ್ದೇ ಇರುತ್ತಾರೆ. ಹೆಸರಿನ ಕೆಳಗಿರುವ ಈಮೇಲ್ ಓದಿ, ಆಮೇಲೆ ಆರಿಸಿ.

5. ಬರೀ ಫೋನ್ ನಂಬರ್ ಸೇವ್ ಮಾಡಿಟ್ಟವರು @ ಒತ್ತಿದಾಗ ಸಿಗುವುದಿಲ್ಲ. ಸಮಿತಿಯ ಮೊದಲ ಸಭೆಯಲ್ಲೇ ಎಲ್ಲರ ಈಮೇಲ್ ಪಡೆದು ಕಾಂಟ್ಯಾಕ್ಟ್ಸ್‌ಗೆ ಸೇರಿಸಿಕೊಳ್ಳಿ. ಅವರು ದಿನಾ ತೆರೆಯುವ ಈಮೇಲ್ ಯಾವುದು ಎಂದೂ ಕೇಳಿ.

6. ಹಿರಿಯ ಲೇಖಕರನ್ನು ಟ್ಯಾಗ್ ಮಾಡಿ ಸುಮ್ಮನಾಗಬೇಡಿ. ಫೋನ್ ಮಾಡಿ, ‘ಸಾರ್, ಎರಡನೇ ಪ್ಯಾರಾದಲ್ಲಿ ಒಂದು ಅನುಮಾನ ಇದೆ’ ಎಂದು ಕೇಳಿ, ಅವರ ಉತ್ತರವನ್ನು ನೀವೇ ಕಮೆಂಟಿಗೆ ಹಾಕಿ. ಬರೆದುಕೊಟ್ಟವರಿಗೆ ತಂತ್ರಜ್ಞಾನದ ಪರೀಕ್ಷೆ ಒಡ್ಡುವುದು ಮರ್ಯಾದೆಯಲ್ಲ.

7. ಜಾಹೀರಾತುದಾರರ ನಂಬರ್, ವಿಳಾಸಗಳನ್ನು ಲೇಖನಗಳ ಫೈಲಿನಲ್ಲಿ ಇಡಬೇಡಿ. ‘ಲಿಂಕ್ ಇರುವ ಯಾರಾದರೂ’ ನೋಡಬಹುದೆಂದು ತೆರೆದಿಟ್ಟ ಫೈಲ್ ಒಂದು ವಾಟ್ಸಾಪ್ ಗುಂಪಿಗೆ ಬಿದ್ದರೆ ಆ ನಂಬರುಗಳೆಲ್ಲ ಊರ ಪಾಲು. ಅವುಗಳಿಗೆ ಬೇರೆ ಶೀಟ್ ಮಾಡಿ, ಜಾಹೀರಾತು ನೋಡಿಕೊಳ್ಳುವವರಿಗೆ ಮಾತ್ರ ಶೇರ್ ಮಾಡಿ, ಮುಖ್ಯ ಫೈಲಿನಲ್ಲಿ ಅದರ ಲಿಂಕ್ ಅಷ್ಟೇ ಇರಲಿ. ಉಳಿದವರು ಒತ್ತಿದರೆ ಅನುಮತಿ ಕೇಳುತ್ತದೆ. ಸಂಚಿಕೆ ಅಚ್ಚಿಗೆ ಹೋದ ದಿನ ಶೇರ್ ಪಟ್ಟಿ ತೆರೆದು, ಇನ್ನು ಬೇಡದವರ ಎಡಿಟರ್ ಅನುಮತಿಯನ್ನು ವ್ಯೂವರ್‌ಗೆ ಇಳಿಸಿ.