ಹಾವೇರಿ ಗಾಡಿಗಳ ಮೇಲಿನ 27

ಹಾವೇರಿಯ ಬೈಕು, ಟ್ರ್ಯಾಕ್ಟರುಗಳ ನಂಬರ್ ಪ್ಲೇಟಿನಲ್ಲಿ ಕೆಎ ಆದಮೇಲೆ ಬರುವುದು 27. ರಾಣೆಬೆನ್ನೂರಿಗೆ ಬೇರೆಯೇ ಇದೆ, 68. ಗಣಿತವೆಂದರೆ ದೂರ ಸರಿಯುವವರಿಗೆ ನಾನು ಮೊದಲು ಪರಿಚಯಿಸುವುದು ಈ 27ನ್ನೇ. ದಿನಾ ಕಣ್ಣಿಗೆ ಬೀಳುತ್ತದೆ, ಆದರೆ ಯಾರೂ ಮಾತಾಡಿಸುವುದಿಲ್ಲ.

ಮಗ್ಗಿಯಿಂದಲೇ ಶುರು ಮಾಡೋಣ. ಮೂರು ಮೂರ್ಲ ಒಂಬತ್ತು, ಒಂಬತ್ತು ಮೂರ್ಲ ಇಪ್ಪತ್ತೇಳು. ಅಂದರೆ 27 ಎನ್ನುವುದು 3ರ ಘನ. ಈಗ 27ರದ್ದೇ ಘನ ಮಾಡಿ: 19683. ಅದರ ಅಂಕಿಗಳನ್ನು ಕೂಡಿಸಿ, 1+9+6+8+3. ಮತ್ತೆ 27! ಹೀಗೆ ತನ್ನ ಘನದ ಅಂಕಿಗಳ ಮೊತ್ತ ತಾನೇ ಆಗಿರುವ ಸಂಖ್ಯೆಗಳು 1, 8, 17, 18, 26, 27 ಇಷ್ಟೇ. ಇವುಗಳಲ್ಲಿ ದೊಡ್ಡದು ನಮ್ಮದೇ.

ರೈತರಿಗೆ 27 ಹೊಸದಲ್ಲ. ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆ ಲೆಕ್ಕ ಹಾಕುವುದು 27 ನಕ್ಷತ್ರಗಳ ಮೇಲೆ. ವರ್ಷದ 365 ದಿನಗಳನ್ನು ಇವಕ್ಕೆ ಹಂಚಬೇಕು. ತಲಾ 13 ಕೊಟ್ಟರೆ 351 ಆಯಿತು, ಉಳಿದದ್ದು 14. ಆ ಹದಿನಾಲ್ಕನ್ನು 14 ನಕ್ಷತ್ರಗಳಿಗೆ ಒಂದೊಂದರಂತೆ ಕೊಡಿ. ಈಗ 14 ನಕ್ಷತ್ರಕ್ಕೆ 14 ದಿನ, 13 ನಕ್ಷತ್ರಕ್ಕೆ 13 ದಿನ. 196 ಮತ್ತು 169 ಕೂಡಿದರೆ ಸರಿಯಾಗಿ 365. ಇಷ್ಟು ಚೆಂದದ ಹಂಚಿಕೆ ಸಿಗುವುದು ಅಪರೂಪ. ಮುಂಗಾರಿನ ಹೊತ್ತಿಗೆ ಈ ನಕ್ಷತ್ರಗಳ ನಡುವೆ ಸೂರ್ಯನ ನಡೆ ತುಸು ನಿಧಾನ. ಹಾಗಾಗಿ ಆಗಿನ ಮಳೆಗಳಿಗೆ ಸಾಮಾನ್ಯವಾಗಿ 14 ದಿನ ಬೀಳುತ್ತದೆ, ಚಳಿಗಾಲದಲ್ಲಿ 13.

27ಕ್ಕೆ ಒಬ್ಬ ಜೊತೆಗಾರನಿದ್ದಾನೆ, 37. ಇಬ್ಬರನ್ನೂ ಗುಣಿಸಿದರೆ 999. ಇದರಿಂದ ಒಂದು ಉಪಯೋಗವಿದೆ. ಸಾವಿರ ಎಂದರೆ 999 ಮತ್ತು 1. 999 ಹೇಗೂ 27ರಲ್ಲಿ ಹೋಗುತ್ತದೆ, ಉಳಿಯುವುದು 1 ಮಾತ್ರ. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗೆ ತುಂಡು ಮಾಡಿ ಕೂಡಿಸಿದರೆ ಸಾಕು, ಶೇಷ ಬದಲಾಗುವುದಿಲ್ಲ. ಬ್ಯಾಡಗಿಯ ಪಿನ್ ಕೋಡ್ 581106 ತಗೊಳ್ಳಿ. 581+106=687. ಅದರಲ್ಲಿ 675 ಕಳೆದರೆ ಶೇಷ 12. ಹಾವೇರಿಯ 581110ಕ್ಕೆ 16, ರಾಣೆಬೆನ್ನೂರಿನ 581115ಕ್ಕೆ 21. ಮೂರೂ ಪೂರ್ತಿ ಭಾಗವಾಗಲಿಲ್ಲ.

ಕೊನೆಯದು ಸ್ವಲ್ಪ ತಂಟೆಯದು. ಸಂಖ್ಯೆ ಸಮವಿದ್ದರೆ ಅರ್ಧ ಮಾಡಿ; ಬೆಸವಿದ್ದರೆ ಮೂರು ಪಟ್ಟು ಮಾಡಿ 1 ಸೇರಿಸಿ. ಹೀಗೇ ಮುಂದುವರಿಸಿ 1ಕ್ಕೆ ಬನ್ನಿ. 26 ಹತ್ತೇ ಹೆಜ್ಜೆಯಲ್ಲಿ ಬರುತ್ತದೆ. 28ಕ್ಕೆ 18 ಹೆಜ್ಜೆ, ರಾಣೆಬೆನ್ನೂರಿನ 68ಕ್ಕೆ 14. ನಡುವಿನ 27 ಮಾತ್ರ 82, 41, 124, 62, 31 ಎಂದು ಏರಿಳಿಯುತ್ತ 9232ರವರೆಗೂ ಹತ್ತಿ, 111 ಹೆಜ್ಜೆಯ ಮೇಲೆ 1ಕ್ಕೆ ಇಳಿಯುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ 1ಕ್ಕೇ ಬರುತ್ತೇವೆಯೇ? ಜರ್ಮನಿಯ ಲೋಥರ್ ಕೊಲಾಟ್ಸ್ ಹೆಸರಿನಲ್ಲಿರುವ ಈ ಪ್ರಶ್ನೆಗೆ ಇಂದಿಗೂ ಸಾಧನೆ ಸಿಕ್ಕಿಲ್ಲ. 111 ಹೆಜ್ಜೆ ಬರೆಯಲು ಬೇಸರವಾದರೆ 31ರಿಂದ ಹೊರಡಿ. 27 ಐದನೇ ಹೆಜ್ಜೆಗೆ ಅಲ್ಲಿಗೇ ಬರುವುದರಿಂದ ನಿಮಗೆ 106 ಉಳಿಯುತ್ತದೆ.